ಬೆಲ್ಲ ತಿಂದರೆ ಎದೆಯ ಧೂಳು ಇಳಿಯುತ್ತದೆಯೇ? ಗಿರಣಿ ಕೆಲಸ, ಮಾಸ್ಕ್ ಮತ್ತು ಕೆಲವು ನಂಬಿಕೆಗಳು

"ಧೂಳಿನಲ್ಲಿ ದುಡಿಯುವವರು ರಾತ್ರಿ ಊಟವಾದ ಮೇಲೆ ಒಂದು ಚೂರು ಬೆಲ್ಲ ತಿಂದರೆ ಸಾಕು, ಎದೆಯಲ್ಲಿ ಕೂತ ಧೂಳೆಲ್ಲ ಇಳಿದುಹೋಗುತ್ತದೆ." ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಮಾತು ಮಾತ್ರ ವಾಟ್ಸ್‌ಆ್ಯಪ್‌ಗಿಂತ ಬಹಳ ಹಳೆಯದು. ಬೆಲ್ಲದ ಬದಲು ಬಾಳೆಹಣ್ಣು ಎನ್ನುವವರೂ ಇದ್ದಾರೆ.

ಇದಕ್ಕೆ ವಿಜ್ಞಾನದ ಆಧಾರ ಏನೂ ಇಲ್ಲ ಎನ್ನುವಂತಿಲ್ಲ. 1994ರಲ್ಲಿ ಲಖನೌನ ಕೈಗಾರಿಕಾ ವಿಷವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇಲಿಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಬೆಲ್ಲ ತಿನ್ನಿಸಿದ ಇಲಿಗಳಲ್ಲಿ ಧೂಳಿನ ಕಣಗಳು ಶ್ವಾಸಕೋಶದಿಂದ ಪಕ್ಕದ ದುಗ್ಧಗ್ರಂಥಿಗಳತ್ತ ಹೆಚ್ಚಾಗಿ ಸರಿದದ್ದು ಅವರಿಗೆ ಕಂಡಿತು. ಧೂಳು ಜಾಗ ಬದಲಿಸಿತು ಅಷ್ಟೆ, ಮೈಯಿಂದ ಆಚೆ ಹೋಯಿತೆಂದಲ್ಲ. ಅದೂ ಇಲಿಗಳಲ್ಲಿ. ನಾವು ತಿನ್ನುವ ಬೆಲ್ಲ ಅನ್ನನಾಳದಲ್ಲಿ ಇಳಿಯುತ್ತದೆ, ಧೂಳು ಹೋಗುವುದು ಶ್ವಾಸನಾಳದಲ್ಲಿ. ಗಂಟಲಿನ ಕೆರೆತ ಕಡಿಮೆಯಾದಂತೆ ಅನಿಸುವುದು ನಿಜ. ಆ ಸಮಾಧಾನವೇ ತೊಂದರೆ ಕೊಡುವುದು, ಏಕೆಂದರೆ ಬೆಲ್ಲ ಹಂಚಿದ ಮಾಲೀಕನಿಗೂ ತಿಂದ ಕೆಲಸಗಾರನಿಗೂ ಮಾಸ್ಕಿನ ವಿಷಯ ಮುಗಿಯಿತು ಎನಿಸಿಬಿಡುತ್ತದೆ.

ನಂಜನಗೂಡು, ತಿ. ನರಸೀಪುರ ಎರಡೂ ಕಬಿನಿ ಕಾಲುವೆಯ ಭತ್ತದ ತಾಲ್ಲೂಕುಗಳು. ನಂಜನಗೂಡಿನಲ್ಲಿ ದೊಡ್ಡ ಕೈಗಾರಿಕಾ ಪ್ರದೇಶವಿದೆ, ತಿ. ನರಸೀಪುರದಲ್ಲಿ ಮೈಸೂರು ರೇಷ್ಮೆ ಸೀರೆಗೆ ನೂಲು ತೆಗೆಯುವ ಸರ್ಕಾರಿ ಘಟಕವಿದೆ. ದೊಡ್ಡ ಕಾರ್ಖಾನೆಯ ಗೇಟಿನಲ್ಲಿ ಹೆಲ್ಮೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ಐದಾರು ಜನ ದುಡಿಯುವ ಅಕ್ಕಿ ಗಿರಣಿ, ವೆಲ್ಡಿಂಗ್ ಅಂಗಡಿ, ಇಟ್ಟಿಗೆ ಗೂಡಿನಲ್ಲಿ ಗೇಟೂ ಇಲ್ಲ, ಕೇಳುವವರೂ ಇಲ್ಲ.

ಅಕ್ಕಿ ಗಿರಣಿಯ ಧೂಳನ್ನು "ಅಕ್ಕಿ ಹಿಟ್ಟು ತಾನೇ" ಎಂದು ಹಗುರವಾಗಿ ನೋಡುತ್ತೇವೆ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಇದೆ, ಅಂದರೆ ಮರಳಿನ ಮೂಲವಸ್ತು. ಹೊಟ್ಟು ಉರಿದ ಮೇಲೆ ಉಳಿಯುವ ಬೂದಿಯಲ್ಲಂತೂ ಬಹುಪಾಲು ಸಿಲಿಕಾವೇ. ಹೆಚ್ಚು ಬಿಸಿಯಲ್ಲಿ ಉರಿದರೆ ಅದು ಹರಳಿನ ರೂಪಕ್ಕೆ ತಿರುಗಬಹುದು, ಅದೇ ಹೆಚ್ಚು ಅಪಾಯದ್ದು. ಕಲ್ಲು ಒಡೆಯುವವರಿಗೆ ಬರುವ ಸಿಲಿಕೋಸಿಸ್‌ಗೆ ಕಾರಣ ಹರಳು ಸಿಲಿಕಾ, ಅದನ್ನು ವಾಸಿ ಮಾಡುವ ಔಷಧ ಇವತ್ತಿಗೂ ಇಲ್ಲ. ಹಾಗಾಗಿ ಗಿರಣಿಯಲ್ಲಿ ನನಗೆ ಹೆಚ್ಚು ಚಿಂತೆಯಾಗುವುದು ಒಲೆಯ ಬೂದಿ ಎಳೆಯುವವನ ಬಗ್ಗೆ.

ಮೂಗಿಗೆ ಕಟ್ಟಿದ ಟವೆಲ್ ಸಾಲದೇ? ಸಾಲದು. ಕಣ್ಣಿಗೆ ಕಾಣುವ ದಪ್ಪ ಧೂಳನ್ನು ಮೂಗೇ ಎಷ್ಟೋ ತಡೆಯುತ್ತದೆ. ಶ್ವಾಸಕೋಶದ ತಳಕ್ಕೆ ಇಳಿಯುವುದು ಸುಮಾರು 4 ಮೈಕ್ರಾನ್‌ಗಿಂತ ಸಣ್ಣ ಕಣ, ನಮ್ಮ ಕೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಟವೆಲಿನ ನೇಯ್ಗೆ ಅದಕ್ಕೆ ತೆರೆದ ಬಾಗಿಲು. ಎನ್95 ಅಥವಾ ಎಫ್‌ಎಫ್‌ಪಿ2 ಮಾಸ್ಕ್ ಬೇಕು. ಮೇಲೆ ಐಎಸ್ 9473 ಎಂದು ಮುದ್ರೆ ಇದೆಯೇ ನೋಡಿ. ಮುಖಕ್ಕೆ ಅಂಟಿ ಕೂರದಿದ್ದರೆ ಅದೂ ದಂಡ. ಗಡ್ಡ ಇದ್ದರೆ ಸಂದಿನಿಂದ ಧೂಳು ನುಗ್ಗುತ್ತದೆ.

2020ರ ಮಾರ್ಚ್‌ನಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ಕೆಲಸಗಾರರಲ್ಲಿ ಕೋವಿಡ್ ಹರಡಿದಾಗ ಜಿಲ್ಲೆಗೆ ಜಿಲ್ಲೆಯೇ ಮಾಸ್ಕಿನ ಮಾತಾಡಿತು. ಜೊತೆಗೆ "ಮಾಸ್ಕ್ ಹಾಕಿದರೆ ಬಿಟ್ಟ ಉಸಿರನ್ನೇ ಎಳೆದುಕೊಂಡು ಆಮ್ಲಜನಕ ಕಡಿಮೆಯಾಗುತ್ತದೆ" ಎಂಬ ಫಾರ್ವರ್ಡೂ ಬಂತು. ಆಮ್ಲಜನಕದ ಅಣು ಮಾಸ್ಕಿನ ರಂಧ್ರಗಳಿಗಿಂತ ಎಷ್ಟೋ ಚಿಕ್ಕದು, ಸಲೀಸಾಗಿ ಹಾದುಹೋಗುತ್ತದೆ. ಆದರೆ ಏಪ್ರಿಲ್ ಬಿಸಿಲಿನಲ್ಲಿ, ತಗಡಿನ ಸೂರಿನ ಕೆಳಗೆ ಮೂಟೆ ಹೊರುವವನಿಗೆ ಉಸಿರು ಕಟ್ಟಿದಂತಾಗುವುದು ಸುಳ್ಳಲ್ಲ. ಸೆಕೆ, ಬೆವರು, ಉಸಿರೆಳೆಯುವ ಕಷ್ಟ ಎಲ್ಲವೂ ನಿಜ. ಆತನಿಗೆ ನಡುನಡುವೆ ಬಿಡುವು ಬೇಕು, ಬೆವರಿಗೆ ನೆನೆದ ಮಾಸ್ಕಿನ ಬದಲು ಬೇರೊಂದು ಬೇಕು. ಮೂಟೆಯ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಈ ಬಿಡುವಿಗೆ ಯಾರು ದುಡ್ಡು ಕೊಡುತ್ತಾರೆ? "ನಮ್ಮ ಜನಕ್ಕೆ ತಿಳುವಳಿಕೆ ಇಲ್ಲ, ಕೊಟ್ಟರೂ ಹಾಕಲ್ಲ" ಎನ್ನುವವರು ಇದನ್ನು ಲೆಕ್ಕಕ್ಕೆ ತಂದುಕೊಳ್ಳುವುದಿಲ್ಲ.

ಸುರಕ್ಷತಾ ತಜ್ಞರ ಲೆಕ್ಕದಲ್ಲಿ ಮಾಸ್ಕ್, ಕೈಗವಸುಗಳ ಸ್ಥಾನ ಕೊನೆಯದು. ಮೊದಲು ಧೂಳು ಏಳದಂತೆ ಮಾಡಬೇಕು, ಎದ್ದದ್ದನ್ನು ಯಂತ್ರದ ಬಾಯಲ್ಲೇ ಹೀರಿ ಹೊರಹಾಕಬೇಕು, ಬೆಲ್ಟಿಗೆ ಜಾಲರಿ ಹಾಕಬೇಕು. ಆಮೇಲೂ ಉಳಿದ ಅಪಾಯಕ್ಕೆ ಮಾತ್ರ ಮಾಸ್ಕು.

ಕೆಲವು ಕಡೆ ರಕ್ಷಣೆಯ ಸಾಧನವೇ ಅಪಾಯ. ತಿರುಗುವ ಡ್ರಿಲ್, ಲೇತ್, ಬೆಲ್ಟಿನ ಹತ್ತಿರ ಕೈಗವಸು ಹಾಕಬಾರದು. ತುದಿ ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಹೆಗಲ ಮೇಲಿನ ಟವೆಲ್, ಲುಂಗಿ, ಸೆರಗು, ಬಿಚ್ಚಿದ ಜಡೆಗೂ ಇದೇ ಮಾತು.

ವೆಲ್ಡಿಂಗ್ ಅಂಗಡಿಯ ಕಪ್ಪು ಕನ್ನಡಕ ಇನ್ನೊಂದು ಮೋಸ. ಬಿಸಿಲಿಗೆ ಹಾಕುವ ಕನ್ನಡಕ ಆರ್ಕ್ ಬೆಳಕಿಗೆ ಸಾಕಾಗುವುದಿಲ್ಲ, ಶೇಡ್ 10ರಿಂದ 13ರ ಗಾಜಿನ ಮುಖಗವಚ ಬೇಕು. ಕಣ್ಣಲ್ಲಿ ಮರಳು ಬಿದ್ದಂಥ ಉರಿ ಆರೇಳು ಗಂಟೆ ಬಿಟ್ಟು, ನಡುರಾತ್ರಿ ಶುರುವಾಗುತ್ತದೆ. ಆಲೂಗಡ್ಡೆ ಬಿಲ್ಲೆ ಇಟ್ಟರೆ ತಂಪೆನಿಸಬಹುದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಕಣ್ಣು ತಾನೇ ಸುಧಾರಿಸುವುದರಿಂದ ಹೆಸರು ಆಲೂಗಡ್ಡೆಗೆ ಹೋಗುತ್ತದೆ. ಎದೆಹಾಲು ಬಿಡುವುದು ಬೇಡ, ಸೋಂಕಾಗಬಹುದು. ನೋವಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಇದಕ್ಕೆಲ್ಲ ದುಡ್ಡು ಯಾರದು? ಸುರಕ್ಷತೆಗಾಗಿ ಕೊಡಲೇಬೇಕಾದ ಸಾಧನಕ್ಕೆ ಕೆಲಸಗಾರರಿಂದ ಹಣ ವಸೂಲಿ ಮಾಡಬಾರದೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ವಿದ್ಯುತ್ ಬಳಸುವ ಕಡೆ 10 ಜನರಿದ್ದರೆ ಆಗ ಕಾರ್ಖಾನೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 20. ಹತ್ತು ಜನರಿರುವ ಕಡೆ ಮಾಲೀಕನ ಸಾಮಾನ್ಯ ಹೊಣೆಗಳು ಈಗಲೂ ಇವೆ. ಐದಾರು ಜನರ ಗಿರಣಿ ಆಗಲೂ ಈಗಲೂ ಬಹುತೇಕ ಹೊರಗೇ.

ಪರಿಹಾರದ ಕಾನೂನಿನ ಒಂದು ಮಾತನ್ನು ಈ ಫಾರ್ವರ್ಡ್‌ಗಳು ಹೇಳುವುದಿಲ್ಲ. ರಕ್ಷಣೆಗೆಂದು ಕೊಟ್ಟ ಸಾಧನವನ್ನು ಕೆಲಸಗಾರ ಬೇಕೆಂದೇ ತೆಗೆದಿಟ್ಟು, ಅದರಿಂದಲೇ ಪೆಟ್ಟಾದರೆ, ಮಾಲೀಕ ಪರಿಹಾರದಿಂದ ತಪ್ಪಿಸಿಕೊಳ್ಳಬಹುದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದಾಗ ಮಾತ್ರ ಈ ವಾದ ನಡೆಯದು. ಮೊಳೆಗೆ ನೇತುಹಾಕಿ ಎಲ್ಲರೂ ಸರದಿಯಲ್ಲಿ ಬಳಸುವ ಒಂದೇ ಮಾಸ್ಕನ್ನು "ಕೊಟ್ಟಿದ್ದೆ" ಎಂದು ತೋರಿಸುವ ಮಾಲೀಕರಿದ್ದರೆ, ತಮಗೆ ಏನು ಸಿಕ್ಕಿತು, ಯಾವತ್ತು ಸಿಕ್ಕಿತು ಎಂದು ಕೆಲಸಗಾರರು ಫೋನಿನಲ್ಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.