ಬೀಳ್ಕೊಡುಗೆಯ ಮರುದಿನ ಬಾಗಿಲು ತಟ್ಟುವವರು ಬೇಕು

ಮೇ 31 ಬಂತೆಂದರೆ ನಮ್ಮ ಸರ್ಕಾರಿ ಶಾಲೆ, ಕಚೇರಿಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಗಳ ಓಡಾಟ ಜೋರು. ಹಿಂದೆ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸಿನ ಲೆಕ್ಕ ಸರಿಹೋಗಲೆಂದು ಜೂನ್ 1 ಎಂದೇ ಹುಟ್ಟಿದ ದಿನ ಬರೆದುಬಿಡುತ್ತಿದ್ದರು. ಹಾಗೆ ಬರೆಸಿಕೊಂಡವರೆಲ್ಲ 60 ತುಂಬುವ ಹೊತ್ತಿಗೆ ಒಂದೇ ಸಂಜೆ ನಿವೃತ್ತರಾಗುತ್ತಾರೆ. ಹೈಸ್ಕೂಲಿನಲ್ಲಿ 34 ವರ್ಷ ವಿಜ್ಞಾನ ಕಲಿಸಿದ ನಾನೂ ಅವರಲ್ಲಿ ಒಬ್ಬಳು.

ಮರುದಿನ ಬೆಳಿಗ್ಗೆ ಐದಕ್ಕೇ ಎದ್ದೆ. ಚಪಾತಿ ಲಟ್ಟಿಸಿ, ಹುರುಳಿಕಾಯಿ ಪಲ್ಯ ಮಾಡಿ, ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದ ಮೇಲೆ ನೆನಪಾಯಿತು, ನಾನಿನ್ನು ಶಾಲೆಗೆ ಹೋಗಬೇಕಿಲ್ಲ. ಮಧ್ಯಾಹ್ನ ಊಟದ ಬೆಲ್ ಹೊಡೆಯುವ ಹೊತ್ತಿಗೆ ಅದೇ ಡಬ್ಬಿ ಬಿಚ್ಚಿ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಂಡೆ. ಪೆನ್ಷನ್ ಕಾಗದಗಳೆಲ್ಲ ಸರಿಯಿದ್ದವು. ಸಿಕ್ಕಿದವರೆಲ್ಲ ‘ಇನ್ನೇನು ಮೇಡಂ, ಆರಾಮ’ ಎನ್ನುತ್ತಿದ್ದರು. ರಾತ್ರಿ ನಿದ್ದೆ ಹತ್ತುತ್ತಿಲ್ಲ ಎಂದು ಅವರಿಗೆ ಹೇಳಲು ಬಾಯಿ ಬರುತ್ತಿರಲಿಲ್ಲ.

ಪಕ್ಕದ ಬೀದಿಯ ಅಕ್ಕ ನಿವೃತ್ತ ನರ್ಸ್. ನನಗಿಂತ ಮೂರು ವರ್ಷ ಮೊದಲು ಈ ದಾರಿ ದಾಟಿದವರು. ‘ಟೀಚರ್, ನಾಳೆ ಆರಕ್ಕೆ ನಿಮ್ಮ ಗೇಟಿನ ಹತ್ರ ಇರ್ತೀನಿ’ ಎಂದರು, ಹಾಗೇ ಬಂದರು. ಕುಕ್ಕರಹಳ್ಳಿ ಕೆರೆಗೆ ಹೋದೆವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕಟ್ಟಿಸಿದ ಕೆರೆ. ಕುವೆಂಪು ನಡೆದಾಡಿದ ಏರಿ. ಅಕ್ಕನದು ಎರಡೇ ಕಟ್ಟುಪಾಡು: ಫೋನು ಮನೆಯಲ್ಲಿರಬೇಕು, ಮೊದಲ ಅರ್ಧ ಗಂಟೆ ಮಾತಾಡಬಾರದು. ಕಾಲಡಿಯ ಮಣ್ಣು, ಹಕ್ಕಿಯ ಕೂಗು, ನಮ್ಮದೇ ಉಸಿರು, ಅಷ್ಟರ ಮೇಲೆ ಗಮನ. ಆಮೇಲೆ ಕಲ್ಲುಬೆಂಚಿನಲ್ಲಿ ಕೂತು ಒಂದೇ ಪ್ರಶ್ನೆ: ‘ಬರೋ ವಾರದೊಳಗೆ ಯಾವ ಒಂದು ಕೆಲಸ ಮಾಡ್ತೀರಿ?’ ಬುದ್ಧಿವಾದ ಹೇಳಲಿಲ್ಲ. ಮುಂದಿನ ವಾರ ಮಾತ್ರ ಮರೆಯದೆ ವಿಚಾರಿಸಿದರು.

ಒಂದು ದಿನ ಒಣಗಿದ ಕೊಂಬೆಯ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಅಲುಗಾಡದೆ ಕೂತಿತ್ತು. ಮೀನಿಗಾಗಿ ಮುಳುಗಿ ಎದ್ದಾಗ ಅದರ ರೆಕ್ಕೆ ನೆನೆಯುತ್ತದೆ, ಬಿಸಿಲಿಗೆ ಹರಡಿ ಒಣಗಿಸಿಕೊಳ್ಳಬೇಕು. ಇದನ್ನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೆ, ನಿಂತು ನೋಡಿರಲಿಲ್ಲ. ಅವತ್ತು ಇಪ್ಪತ್ತು ನಿಮಿಷ ನೋಡಿದೆ. ಆ ವಾರದ ಪ್ರಶ್ನೆಗೆ ಉತ್ತರವೂ ಅಲ್ಲೇ ಸಿಕ್ಕಿತು: ಬಡಾವಣೆಯ ಮಕ್ಕಳಿಗೆ ಇದನ್ನು ತೋರಿಸಬೇಕು. ಈಗ ಭಾನುವಾರ ಬೆಳಿಗ್ಗೆ ಏಳೆಂಟು ಮಕ್ಕಳು ನನ್ನ ಜೊತೆ ಏರಿಯ ಮೇಲೆ ನಡೆಯುತ್ತಾರೆ.

ಕೋಚಿಂಗ್ ಎಂದರೆ ನಮ್ಮವರಿಗೆ ಸಿಇಟಿ, ನೀಟ್ ನೆನಪಾಗುತ್ತದೆ. ಅಕ್ಕ ಮಾಡಿದಂತೆ, ಬದುಕಿನ ತಿರುವಿನಲ್ಲಿ ನಿಂತವರ ಮಾತು ಕೇಳಿಸಿಕೊಂಡು, ಮುಂದಿನ ಹೆಜ್ಜೆಯನ್ನು ಅವರ ಬಾಯಿಂದಲೇ ಹೇಳಿಸುವುದೂ ಕೋಚಿಂಗೇ. ಅದಕ್ಕೆ ರೆಸಾರ್ಟು, ದುಬಾರಿ ಶಿಬಿರ ಬೇಕಿಲ್ಲ. ಒಂದು ಕೆರೆಯೋ ತೋಪೋ ಇದ್ದರೆ, ಆ ದಾರಿಯಲ್ಲಿ ಮೊದಲೇ ನಡೆದ ಒಬ್ಬರು ಜೊತೆಗಿದ್ದರೆ ಸಾಕು. ಕಾಡಿನಲ್ಲಿ ಸುಮ್ಮನೆ ಅಡ್ಡಾಡುವುದಕ್ಕೆ ಜಪಾನಿನ ಅರಣ್ಯ ಇಲಾಖೆ 1982ರಲ್ಲೇ ‘ಶಿನ್ರಿನ್ ಯೋಕು’, ಅಂದರೆ ಕಾಡಿನ ಸ್ನಾನ, ಎಂದು ಹೆಸರಿಟ್ಟು ಜನರನ್ನು ಕರೆಯಿತು. ಒಂದು ಸರ್ಕಾರಿ ಇಲಾಖೆ ಅಷ್ಟು ಮಾಡಬಹುದಾದರೆ ನಮ್ಮ ಇಲಾಖೆಗಳೂ ಮಾಡಬಹುದು. ಸೇವೆಯ ಕೊನೆಯ ಆರು ತಿಂಗಳಲ್ಲಿ ಪೆನ್ಷನ್ ಕಡತದ ಜೊತೆಗೆ, ಈಗಾಗಲೇ ನಿವೃತ್ತರಾದ ಒಬ್ಬ ಹಿರಿಯರನ್ನೂ ಗೊತ್ತುಮಾಡಿಕೊಡಲಿ. ಇದಕ್ಕೆ ಹೊಸ ಬಜೆಟ್ ಬೇಡ, ಒಂದು ಸುತ್ತೋಲೆ ಸಾಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಾರಗಟ್ಟಲೆ ಊಟ ಸೇರದೆ, ನಿದ್ದೆ ಬಾರದೆ, ಬದುಕೇ ಬೇಡವೆನಿಸಿದರೆ ಕೆರೆಯ ನಡಿಗೆ ಸಾಲದು. ವೈದ್ಯರನ್ನು ಕಾಣಲೇಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ನಿಮ್ಮ ಬೀದಿಯಲ್ಲೂ ಈ ತಿಂಗಳು ಯಾರೋ ಹಾರ ಹಾಕಿಸಿಕೊಂಡು ಮನೆಗೆ ಬರುತ್ತಾರೆ. ಮರುದಿನ ಅವರು ಡಬ್ಬಿ ಕಟ್ಟುವ ಮೊದಲೇ ಹೋಗಿ ಬಾಗಿಲು ತಟ್ಟಿ, ಜೊತೆಯಲ್ಲಿ ನಡೆಯಿರಿ.