ಗಾಲಿಯ ಮೇಲಿನ ಮನೆಯೂ ಸಡಿಲವಾದ ತಿರುಪೂ

ವಿದ್ಯುತ್ತಿನ ಪ್ರಯೋಗ ಯಾವುದೇ ಇರಲಿ, ನಮ್ಮ ವಿದ್ಯಾರ್ಥಿಗಳು ಅದರ ಕೊನೆಯಲ್ಲಿ ತಪ್ಪದೆ ಬರೆಯುವ ವಾಕ್ಯವೊಂದುಂಟು: ‘ಜೋಡಣೆಗಳೆಲ್ಲವೂ ಶುಭ್ರವಾಗಿಯೂ ಬಿಗಿಯಾಗಿಯೂ ಇರತಕ್ಕದ್ದು.’ ಬರೆಯುವವರು ಅದನ್ನು ಯೋಚಿಸಿ ಬರೆಯುವುದು ಅಪೂರ್ವ. ತಿದ್ದುವ ನಾವೂ ಅದನ್ನು ಓದದೆಯೇ ಸಹಿ ಹಾಕುವುದುಂಟು. ಆದರೆ ಸೂತ್ರಗಳೆಲ್ಲ ಮರೆತುಹೋದ ಮೇಲೂ ಪ್ರಾಣವನ್ನು ಕಾಯಬಲ್ಲ ವಾಕ್ಯ ಇದೇ ಎಂಬುದು ನಮ್ಮ ಅಭಿಪ್ರಾಯ.

ದೃಷ್ಟಾಂತಕ್ಕಾಗಿ ಅಮೆರಿಕದ ಹೆದ್ದಾರಿಗಳಲ್ಲಿ ಸಂಚರಿಸುವ ವಿಹಾರವಾಹನವನ್ನು ತೆಗೆದುಕೊಳ್ಳೋಣ. ಒಲೆ, ಹಾಸಿಗೆ, ರೆಫ್ರಿಜರೇಟರು, ಸ್ನಾನದ ಕೋಣೆ ಎಲ್ಲವನ್ನೂ ಹೊತ್ತು ನಡೆಯುವ ಮನೆಯದು. ಇದರೊಳಗೆ ಸಾಮಾನ್ಯವಾಗಿ ಎರಡು ವಿದ್ಯುತ್ ವ್ಯವಸ್ಥೆಗಳಿರುತ್ತವೆ. ದೀಪಗಳಿಗೂ ನೀರಿನ ಪಂಪಿಗೂ ಬ್ಯಾಟರಿಯ 12 ವೋಲ್ಟುಗಳ ಏಕಮುಖ ಪ್ರವಾಹ. ಹವಾನಿಯಂತ್ರಣದಂತಹ ದೊಡ್ಡ ಯಂತ್ರಗಳಿಗೆ, ತಂಗುದಾಣದ ಕಂಬದಿಂದ ದಪ್ಪ ಕೇಬಲ್ಲಿನ ಮೂಲಕ ಬರುವ 120 ವೋಲ್ಟುಗಳ ಪರ್ಯಾಯ ಪ್ರವಾಹ. ಆ ಕೇಬಲ್ಲಿನ ಪ್ಲಗ್ಗು ಹೆಚ್ಚಾಗಿ 30 ಅಥವಾ 50 ಆಂಪಿಯರಿನದು.

ಊರಿನ ಮನೆಯ ತಂತಿಗಳು ಗೋಡೆಯೊಳಗೆ ಅಲುಗದೆ ಮಲಗಿರುತ್ತವೆ. ಈ ಮನೆಯಾದರೋ ಮೈಲಿಮೈಲಿಗೂ ಕುಲುಕುತ್ತದೆ. ಬಿಸಿಲಿಗೆ ಲೋಹವು ಹಿಗ್ಗುತ್ತದೆ, ಇರುಳಿನ ಚಳಿಗೆ ಕುಗ್ಗುತ್ತದೆ. ಹೀಗೆ ತಿರುಪುಗಳು ಕ್ರಮೇಣ ಸಡಿಲಗೊಂಡು, ತಂತಿಯ ತುದಿಯೂ ಲೋಹದ ಪಟ್ಟಿಯೂ ಕೂಡುವಲ್ಲಿ ಸಂಪರ್ಕದ ವಿಸ್ತಾರ ಕಿರಿದಾಗುತ್ತದೆ, ರೋಧವು ಹೆಚ್ಚುತ್ತದೆ. ಈ ಹೆಚ್ಚಿನ ರೋಧ ಓಮಿನ ಹತ್ತನೆಯ ಒಂದು ಭಾಗವೇ ಇರಲಿ. 30 ಆಂಪಿಯರ್ ಹರಿದಾಗ ಅಲ್ಲಿ ಹುಟ್ಟುವ ಉಷ್ಣವೆಷ್ಟು? ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ 90 ವಾಟ್. ರೇಡಿಯೋ ದುರಸ್ತಿಯವರು ಬೆಸುಗೆ ಹಾಕುವ 25 ವಾಟಿನ ಉಪಕರಣವೇ ಲೋಹವನ್ನು ಕರಗಿಸಬಲ್ಲದಾದರೆ, ಒಂದು ತಿರುಪಿನ ತಲೆಯಲ್ಲಿ ಕೂಡಿಬಿದ್ದ 90 ವಾಟ್ ಏನು ಮಾಡೀತೆಂದು ಊಹಿಸಬಹುದು. ಕಾದ ತಾಮ್ರದ ಮೇಲೆ ಆಕ್ಸೈಡಿನ ಪದರವೇಳುತ್ತದೆ; ಅದರಿಂದ ರೋಧ ಇನ್ನೂ ಹೆಚ್ಚುತ್ತದೆ; ಕೊನೆಗೆ ಸುತ್ತಲಿನ ಪ್ಲಾಸ್ಟಿಕ್ಕು ಕರಿದು ಹೊತ್ತಿಕೊಳ್ಳುತ್ತದೆ.

‘ಸರ್ಕ್ಯೂಟ್ ಬ್ರೇಕರ್ ಇದೆಯಲ್ಲ?’ ಎಂದು ವಾಚಕರು ಕೇಳಬಹುದು. ಬ್ರೇಕರು ಅಳೆಯುವುದು ಪ್ರವಾಹವನ್ನು ಮಾತ್ರ. ಸಡಿಲ ಜೋಡಣೆಯು ಮಂಡಲಕ್ಕೆ ಶ್ರೇಣಿಯಲ್ಲಿ ಸೇರಿದ ರೋಧವಾದುದರಿಂದ ಪ್ರವಾಹವು ಏರುವುದಿಲ್ಲ, ತುಸು ಇಳಿದೀತು. ಮನೆ ಉರಿಯುತ್ತಿದ್ದರೂ ಕಾವಲುಗಾರನಿಗೆ ಅದು ಕಾಣದು.

ಅವನಿಗೆ ಕಾಣದ ಅಪಾಯ ಇನ್ನೊಂದುಂಟು. ವಾಹನದ ಮೈ ಲೋಹ, ಕಾಲು ರಬ್ಬರು. ಭೂಸಂಪರ್ಕದ ತಂತಿ ಎಲ್ಲಿಯೋ ಕಳಚಿದ್ದು, ಸಜೀವ ತಂತಿಯು ಮೈಗೆ ತಗಲಿದರೆ ಮೈಯೆಲ್ಲ 120 ವೋಲ್ಟಿನಲ್ಲಿ ನಿಲ್ಲುತ್ತದೆ. ಒಳಗಿರುವವನಿಗೆ ಅದು ತಿಳಿಯದಿರಬಹುದು. ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದ ಮಗುವಿಗೆ ತಿಳಿಯುತ್ತದೆ. ದೇಹದ ರೋಧವನ್ನು 1000 ಓಮ್ ಎಂದಿಟ್ಟುಕೊಂಡರೆ ಹರಿಯುವುದು 0.12 ಆಂಪಿಯರ್. ಹೃದಯದ ಬಡಿತವನ್ನು ಕೆಡಿಸಲು ಅಷ್ಟು ಸಾಕು. 30 ಆಂಪಿಯರಿನ ಬ್ರೇಕರಿಗೆ ಅದು ಲೆಕ್ಕಕ್ಕೇ ಇಲ್ಲ. ಈ ಕೊರತೆಯನ್ನು ನೀಗಲೆಂದೇ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ಅವರು 1961ರಲ್ಲಿ ಸೋರಿಕೆಯನ್ನು ಗುರುತಿಸುವ ಸಾಧನವನ್ನು ರೂಪಿಸಿದರು. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ ಸುಮಾರು 5 ಮಿಲಿಆಂಪಿಯರಿನ ಅಂತರ ಕಂಡೊಡನೆ ಅಲ್ಲಿನ ಸಾಧನವು ಮಂಡಲವನ್ನು ಕಡಿಯುತ್ತದೆ. ಅದಕ್ಕೂ ಸಡಿಲ ತಿರುಪಿನ ಕಾವು ತಿಳಿಯದು.

ಆದುದರಿಂದ ಮನುಷ್ಯನ ಕಣ್ಣೂ ಕೈಯೂ ಬೇಕೇ ಬೇಕು. ಬಲ್ಲವರು ಮಾಡುವ ಕ್ರಮವಿದು: ಕಂಬದ ಕೇಬಲ್ಲನ್ನೂ ಬ್ಯಾಟರಿಯನ್ನೂ ಇನ್ವರ್ಟರಿದ್ದರೆ ಅದನ್ನೂ ಬೇರ್ಪಡಿಸುವುದು, ಪರೀಕ್ಷಕವನ್ನು ಮೊದಲು ವಿದ್ಯುತ್ತಿರುವ ಕಡೆ, ಅನಂತರ ಈ ತಂತಿಯಲ್ಲಿ, ಪುನಃ ವಿದ್ಯುತ್ತಿರುವ ಕಡೆ ಹಿಡಿದು ನೋಡುವುದು, ಕಂದಿದ ಹೊದಿಕೆ, ಸುಟ್ಟ ವಾಸನೆಗಳನ್ನು ಹುಡುಕುವುದು, ಪ್ರತಿ ತಂತಿಯನ್ನೂ ಮೆಲ್ಲನೆ ಎಳೆದು ನೋಡಿ, ತಯಾರಕರು ಹೇಳಿದಷ್ಟೇ ಬಿಗಿಯುವುದು. ಅತಿಯಾಗಿ ಬಿಗಿದರೆ ಎಳೆಗಳು ತುಂಡಾಗುತ್ತವೆ. ಇದು ಪರಿಣತರ ಕೆಲಸ. ವಿದ್ಯಾರ್ಥಿಗಳು ಅಲ್ಲಿನ 120 ವೋಲ್ಟಿಗಾಗಲಿ ನಮ್ಮ ಮನೆಗಳ 230 ವೋಲ್ಟಿಗಾಗಲಿ ಕೈಹಾಕತಕ್ಕದ್ದಲ್ಲ.

ಆದರೆ ಪ್ರಯೋಗಶಾಲೆಯ ಬ್ಯಾಟರಿಯಿಂದ ಅವರು ಕಲಿಯಬಹುದು. ನಮ್ಮ ಸಲಹೆ ಇಷ್ಟೇ. ಪ್ರಾಯೋಗಿಕ ಪರೀಕ್ಷೆಯಲ್ಲಿ ಬ್ಯಾಟರಿ, ಬಲ್ಬುಗಳ ಒಂದು ಮಂಡಲವನ್ನಿಟ್ಟು, ಅದರಲ್ಲಿ ಒಂದು ಜೋಡಣೆಯನ್ನು ಬೇಕೆಂದೇ ಸಡಿಲವಾಗಿ ಬಿಟ್ಟು, ವೋಲ್ಟ್‌ಮೀಟರಿನಿಂದ ಅದನ್ನು ಕಂಡುಹಿಡಿಯಲು ಹೇಳೋಣ. ಒಳ್ಳೆಯ ಜೋಡಣೆಯ ಎರಡು ಬದಿಗಳ ನಡುವೆ ಮುಳ್ಳು ಸೊನ್ನೆಯ ಬಳಿಯೇ ನಿಲ್ಲುವುದು. ಕೆಟ್ಟದ್ದು ತನ್ನನ್ನು ತಾನೇ ತೋರಿಸಿಕೊಳ್ಳುವುದು. ಇದಕ್ಕೆ ಹೊಸ ಉಪಕರಣ ಬೇಡ, ಹೆಚ್ಚಿನ ಹಣವೂ ಬೇಡ.

ಪಠ್ಯಪುಸ್ತಕದ ಚಿತ್ರದಲ್ಲಿ ತಂತಿಗೆ ರೋಧವಿಲ್ಲ, ಜೋಡಣೆ ಎಂದೂ ಸಡಿಲವಾಗದು. ಲೋಕದ ತಂತಿಗಳು ಹಾಗಿಲ್ಲ. ಉಪ್ಪುಕಾಗದದಿಂದ ತಂತಿಯ ತುದಿಯನ್ನು ಉಜ್ಜುವಾಗ, ಅಂಕಗಳಿಗಾಗಿ ಅಲ್ಲ, ಮುಂದೊಂದು ದಿನ ಯಾರದೋ ಮನೆಗಾಗಿ ಉಜ್ಜುತ್ತಿದ್ದೇವೆಂದು ವಿದ್ಯಾರ್ಥಿಮಿತ್ರರು ನೆನೆದರೆ, ಆ ಹಳೆಯ ವಾಕ್ಯವು ಸಾರ್ಥಕವಾದಂತೆ.