ಶೋಕ ಎಲ್ಲರಿಗೂ ಬರುತ್ತದೆ

ಅಮೆರಿಕದ ಜಾಝ್ ಪಿಯಾನೋ ವಾದಕ ಬಿಲ್ ಎವಾನ್ಸನ 'ಮೂನ್ ಬೀಮ್ಸ್' ಎಂಬ ಧ್ವನಿಮುದ್ರಿಕೆಯ ಮಾತು ಬಂದೊಡನೆ ಕೆಲವು ರಸಿಕರ ದನಿ ತಗ್ಗುತ್ತದೆ. ಮುಖದಲ್ಲಿ ಸೂತಕದ ಕಳೆ ಮೂಡುತ್ತದೆ. "ಪಾಪ, ಜೊತೆಗಾರನನ್ನು ಕಳೆದುಕೊಂಡವನ ಅಳಲು" ಎನ್ನುತ್ತಾರೆ. ಈ ಸಂತಾಪವನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಕಲಾವಿದನಿಗೆ ಇದರಿಂದ ಗೌರವ ಸಲ್ಲಿಸಿದೆವೆಂದು ಅವರು ತಿಳಿದಿದ್ದಾರೆ. ಅವನ ದುಡಿಮೆಯನ್ನು ಕದ್ದು ವಿಧಿಯ ಲೆಕ್ಕಕ್ಕೆ ಬರೆದರೆಂದು ನಾನು ಹೇಳುತ್ತೇನೆ.

ಸಾವು ಸಂಭವಿಸಿದ್ದು ನಿಜ. ಎವಾನ್ಸನ ತ್ರಯದಲ್ಲಿ ಬಾಸ್ ನುಡಿಸುತ್ತಿದ್ದ ಸ್ಕಾಟ್ ಲಫಾರೋ 1961ರ ಜುಲೈ 6ರಂದು ಕಾರು ಅಪಘಾತದಲ್ಲಿ ತೀರಿಕೊಂಡ. ಆಗ ಅವನಿಗೆ 25 ವರ್ಷ. ಅವನ ಸ್ಥಾನಕ್ಕೆ ಚಕ್ ಇಸ್ರೇಲ್ಸ್ ಬಂದ. ಡ್ರಮ್ಸಿನಲ್ಲಿ ಹಳೆಯ ಸಂಗಾತಿ ಪಾಲ್ ಮೋಟಿಯನ್ ಉಳಿದ. 1962ರ ಮೇ, ಜೂನ್ ತಿಂಗಳುಗಳಲ್ಲಿ ಈ ಮೂವರು ಸ್ಟುಡಿಯೋದಲ್ಲಿ ಕೂಡಿ ನುಡಿಸಿದರು.

ಆದರೆ ಆ ದಿನಗಳಲ್ಲಿ ಅವರು ನುಡಿಸಿದ್ದು ವಿಷಾದದ ಗೀತಗಳನ್ನಷ್ಟೇ ಏನು? ಚುರುಕು ನಡೆಯವನ್ನೂ ನುಡಿಸಿದರು. ನಿರ್ಮಾಪಕ ಓರಿನ್ ಕೀಪ್‌ನ್ಯೂಸ್ ನಿಧಾನದ ಎಂಟನ್ನು ಆರಿಸಿ ಈ ತಟ್ಟೆಗೆ ಹಾಕಿದ; ಉಳಿದವು 'ಹೌ ಮೈ ಹಾರ್ಟ್ ಸಿಂಗ್ಸ್!' ಎಂಬ ಬೇರೊಂದು ತಟ್ಟೆಯಾದವು. ಅತ್ತವನೂ ನಲಿದವನೂ ಒಬ್ಬನೇ, ಅದೂ ಅವೇ ದಿನಗಳಲ್ಲಿ ಎಂದಮೇಲೆ ಅಪಘಾತದ ಕಥೆಯಿಂದ ವಿವರಿಸಿದ್ದೇನು?

ಮೊದಲ ಗೀತದ ಹೆಸರು 'ರಿ: ಪರ್ಸನ್ ಐ ನ್ಯೂ'. 'ನಾನು ಬಲ್ಲವನೊಬ್ಬನ ಕುರಿತು' ಎಂದು ಅರ್ಥ. ಸತ್ತ ಗೆಳೆಯನ ಸ್ಮರಣೆಯೆಂದು ಕಣ್ಣೊರೆಸಿಕೊಳ್ಳುವವರು ಅದರ ಇಂಗ್ಲಿಷ್ ಅಕ್ಷರಗಳನ್ನು ಅದಲುಬದಲು ಮಾಡಿ ನೋಡಲಿ: ಓರಿನ್ ಕೀಪ್‌ನ್ಯೂಸ್ ಎಂದಾಗುತ್ತದೆ. ಜೀವಂತವಾಗಿದ್ದ ನಿರ್ಮಾಪಕನ ಹೆಸರಿನೊಡನೆ ಆಡಿದ ವಿನೋದ! 'ವೆರಿ ಅರ್ಲಿ' ಎಂಬ ಮೂರು ಮಾತ್ರೆಯ ಗೀತವನ್ನಂತೂ ಎವಾನ್ಸ್ ತನ್ನ ಕಾಲೇಜು ದಿನಗಳಲ್ಲೇ ರಚಿಸಿದ್ದ. ಆಗಿನ್ನೂ ಯಾವ ಲಫಾರೋ?

ಹಾಗಾದರೆ ಈ ವಿಷಾದ ಬಂದದ್ದೆಲ್ಲಿಂದ? ಮಾಡಿದ ಕೆಲಸದಿಂದ. ಆ ಮೊದಲ ಗೀತದ ತಳದಲ್ಲಿ ಒಂದೇ ಮಂದ್ರಸ್ವರ ತಂಬೂರಿಯ ಶ್ರುತಿಯಂತೆ ನಿಲ್ಲುತ್ತದೆ. ಮೇಲಿನ ಸ್ವರಮೇಳ ಮಾತ್ರ ಬಣ್ಣ ಬದಲಿಸುತ್ತ ಸಾಗುತ್ತದೆ. ಕದಲದ ನೆಲ, ಸರಿಯುವ ಆಕಾಶ: ಮನಸ್ಸು ಕಲಕುವುದು ಅಲ್ಲಿ. ಎವಾನ್ಸನ ಎಡಗೈ ಅನೇಕ ಕಡೆ ಸ್ವರಮೇಳದ ಮೂಲಸ್ವರವನ್ನೇ ಬಿಟ್ಟು ಅದನ್ನು ಬಾಸಿಗೆ ಒಪ್ಪಿಸುತ್ತದೆ; ಪಿಯಾನೋ ನೆಲ ಮುಟ್ಟದೆ ತೇಲಿದಂತೆ ಕೇಳುತ್ತದೆ. ಇಷ್ಟನ್ನು ವಿಳಂಬ ಕಾಲದಲ್ಲಿ, ನಡೆ ಸಡಿಲವಾಗದಂತೆ ಹಿಡಿದಿಡುವುದು ಎಂಥ ಕಷ್ಟವೆಂಬುದನ್ನು ನಮ್ಮ ಸಂಗೀತ ಬಲ್ಲವರಿಗೆ ಹೇಳಬೇಕಾದ್ದಿಲ್ಲ.

ಇನ್ನು ಕೆಲವರು ಇದನ್ನು ಊಟದ ಹೊತ್ತಿಗೆ ತಕ್ಕ ಇಂಪೆಂದು ತಳ್ಳಿಹಾಕುತ್ತಾರೆ. ಒಬ್ಬರದು ಕಣ್ಣೀರು, ಇನ್ನೊಬ್ಬರದು ತಾತ್ಸಾರ. ಕೇಳದಿರುವುದರಲ್ಲಿ ಮಾತ್ರ ಇಬ್ಬರೂ ಸಮಾನರು. ಸಾಧನೆಯನ್ನೆಲ್ಲ ಸಂಕಟದ ಖಾತೆಗೆ ಸೇರಿಸುವ ನಾವು ಕೊನೆಗೆ ಕಲಿಯುವುದು ಒಂದೇ: ಕಲಾವಿದ ಬಳಲಿದಷ್ಟೂ ಒಳ್ಳೆಯದು ಎಂಬ ಕ್ರೂರ ಪಾಠವನ್ನು.

ಎವಾನ್ಸನಲ್ಲಿ ದುಃಖವಿರಲಿಲ್ಲವೆಂದು ನನ್ನ ವಾದವಲ್ಲ. ಶೋಕ ಎಲ್ಲರಿಗೂ ಬರುತ್ತದೆ. ಪಿಯಾನೋ ಎಲ್ಲರಿಗೂ ಬರುವುದಿಲ್ಲ. ಮೊದಲು ಎಂಟು ಗೀತಗಳನ್ನೂ ಕೇಳಿರಿ. ಸಂತಾಪಸೂಚನೆ ಆಮೇಲೆ ಆಗಲಿ.